ಠ ನೋಡ್ತಿದೆ, ಹುಷಾರು!

ಕನ್ನಡ ವರ್ಣಮಾಲೆಯಲ್ಲಿ ಬಡಪಾಯಿ ಅಕ್ಷರ ಯಾವುದು ಅಂತ ಒಂದು ಸ್ಪರ್ಧೆ ಇಟ್ಟರೆ ‘ಠ’ ಗೆಲ್ಲದಿದ್ದರೂ ಫೈನಲ್‌ಗಂತೂ ಬಂದೇ ಬರುತ್ತದೆ. ಙ, ಞಗಳ ಪೈಪೋಟಿ ಜೋರಾಗಿದೆ, ಒಪ್ಪಿದೆ. ಆದರೆ ಅವಕ್ಕೆ ಕೆಲಸವೇ ಇಲ್ಲ, ಪಿಂಚಣಿ ಮೇಲೆ ಬದುಕುತ್ತಿವೆ. ಠ ಹಾಗಲ್ಲ, ದುಡಿಯುತ್ತದೆ. ದುಡಿದೂ ಮರ್ಯಾದೆ ಇಲ್ಲ. ಶಾಲೆಯ ಗೋಡೆಯ ಪಟದಲ್ಲಿ ಅರಸ, ಆನೆ, ಇಲಿ ಅಂತ ಠೀವಿಯಿಂದ ಹೊರಟ ಮೆರವಣಿಗೆ ಠ ಹತ್ತಿರ ಬಂದಾಗ ಮುಗ್ಗರಿಸುತ್ತದೆ. ಠ ಅಂದರೆ ಠಸ್ಸೆ. ‘ಠಸ್ಸೆ ಅಂದ್ರೇನು ಸಾರ್?’ ಅಂತ ಕೇಳಿದ ಹುಡುಗನಿಗೆ ‘ಮುಂದಿಂದು ಓದೋ’ ಅನ್ನುವ ಉತ್ತರ ಸಿಗುತ್ತಿತ್ತು. ದೊಡ್ಡವರಾಗಿ, ಅದೇ ಠಸ್ಸೆ ಒತ್ತಿಸಿಕೊಳ್ಳಲು ಕಚೇರಿಗಳ ಮುಂದೆ ಸರದಿ ನಿಂತಾಗ ಅರ್ಥ ತಾನಾಗೇ ಗೊತ್ತಾಯಿತು. ಅದರ ನೆಂಟರಿಷ್ಟರನ್ನಾದರೂ ನೋಡಿ: ಠಕ್ಕ, ಠಾಣೆ, ಠೇವಣಿ, ಠರಾವು. ಒಂದಕ್ಕಾದರೂ ನಗುಮುಖ ಇದೆಯೇ? ಠೀವಿ ಅಂತ ಒಂದಿತ್ತು, ಅದನ್ನೂ ನಾನು ಆಗಲೇ ಆನೆಯ ಮೆರವಣಿಗೆಗೆ ಖರ್ಚು ಮಾಡಿಬಿಟ್ಟೆ.

ಅಂಥ ಠ ಈಗ ಫಾರಿನ್ನಿನಲ್ಲಿ ಸೆಟ್ಲ್ ಆಗಿದೆ. ನಂಬಿಕೆ ಬರದಿದ್ದರೆ ನಿಮ್ಮ ಮನೆಯ ಕಾಲೇಜು ಹುಡುಗರನ್ನು ಕೇಳಿ. ಕನ್ನಡ ಅನ್ನುವ ಭಾಷೆಯೊಂದಿದೆ ಎಂದೇ ಗೊತ್ತಿಲ್ಲದ ಯಾವುದೋ ದೇಶದ ಹುಡುಗ, ಇಂಟರ್ನೆಟ್ಟಿನಲ್ಲಿ ಯಾರಾದರೂ ಪೆದ್ದುಪೆದ್ದಾಗಿ ಮಾತಾಡಿದರೆ, ಏನೂ ಬರೆಯದೆ ಇಷ್ಟು ಮಾತ್ರ ಒತ್ತಿ ಕಳಿಸುತ್ತಾನೆ:

ಠ_ಠ

ಎರಡು ಠ, ನಡುವೆ ಒಂದು ಅಡಿಗೆರೆ. ಸ್ವಲ್ಪ ದೂರ ಹಿಡಿದು ನೋಡಿ. ಗುಂಡಗಿನ ಕಣ್ಣು, ಒಳಗೆ ಗುಡ್ಡೆ, ಮೇಲೆ ಹುಬ್ಬಿನ ಜಾಗದಲ್ಲಿ ತಲೆಕಟ್ಟು, ಕೆಳಗೆ ಬಿಗಿದ ತುಟಿ. ಹೋಮ್‌ವರ್ಕ್ ಮಾಡದೆ ಹೋದ ದಿನ ಗಣಿತದ ಮೇಷ್ಟ್ರು ನೋಡುತ್ತಿದ್ದುದು ಹೀಗೇ ಅಲ್ಲವೇ? ಇಂಗ್ಲಿಷಿನಲ್ಲಿ ಇದಕ್ಕೆ ‘ಲುಕ್ ಆಫ್ ಡಿಸಪ್ರೂವಲ್’ ಅಂತ ಹೆಸರು. ನಮ್ಮಲ್ಲಿ ಕೆಕ್ಕರಿಸಿ ನೋಡುವುದು ಅಂದರೆ ಮುಗಿಯಿತು. ಒಂದೂವರೆ ದಶಕಕ್ಕೂ ಹೆಚ್ಚು ಕಾಲದಿಂದ ಇಂಟರ್ನೆಟ್ಟನ್ನು ಹೀಗೆ ಕೆಕ್ಕರಿಸಿಕೊಂಡು ನೋಡುತ್ತಿರುವುದು ನಮ್ಮ ಠ.

ನನ್ನ ಅಕ್ಕನ ಮಗಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದಾಳೆ. ಅವಳ ವಿದೇಶಿ ಸಹೋದ್ಯೋಗಿಯೊಬ್ಬ ಈ ಮುಖ ಕಳಿಸಿದನಂತೆ. ಇವಳು ಹೆಮ್ಮೆಯಿಂದ ‘ಇದು ನಮ್ಮ ಭಾಷೆಯ ಅಕ್ಷರ’ ಅಂದಳು. ಅವನಿಗೆ ಆಶ್ಚರ್ಯ. ‘ಹೌದಾ? ಸಿಟ್ಟು ಬಂದಾಗ ಮಾತ್ರ ಬಳಸ್ತೀರೋ, ದಿನಾ ಬಳಸ್ತೀರೋ?’ ಅಂತ ಕೇಳಿದನಂತೆ. ‘ನೀನೇನಂದೆ?’ ಅಂದೆ. ‘ಠಾಣೆಗೆ ಹೋದಾಗ ಮಾತ್ರ ಅಂದೆ, ಮಾಮ’ ಅಂದಳು. ಉದಾಹರಣೆ ಸಮೇತ ಉತ್ತರ ಕೊಡುವ ಹುಡುಗಿ.

ಠ ಹೀಗೆ ಕಡಲು ದಾಟಿದ್ದಕ್ಕೆ ಕಾರಣ ಯೂನಿಕೋಡ್. ಲೋಕದ ಲಿಪಿಗಳಿಗೆಲ್ಲ ಒಂದೇ ಪಟ್ಟಿ ಮಾಡಿ, ಅಕ್ಷರಕ್ಕೊಂದು ನಂಬರು ಕೊಡುವ ಈ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡಕ್ಕೆ ಸೀಟು ಸಿಕ್ಕಿತ್ತು. ಆದರೆ ಊರಿಗೆ ಬಂದ ಬಸ್ಸು ನಮ್ಮ ಬೀದಿಗೆ ಬರಲು ಬಹಳ ವರ್ಷ ಹಿಡಿಯಿತು. ಒಬ್ಬರ ಕಂಪ್ಯೂಟರಿನಲ್ಲಿ ಚೆಂದವಾಗಿ ಟೈಪಾದ ಮದುವೆ ಆಹ್ವಾನಪತ್ರ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಚುಕ್ಕಿ, ಗೆರೆ, ಡಾಲರ್ ಚಿಹ್ನೆಗಳಾಗಿ ತೆರೆದುಕೊಂಡು, ಬೀಗರು ಇದು ವರದಕ್ಷಿಣೆಯ ಗುಪ್ತಲಿಪಿಯೇ ಅಂತ ಗಾಬರಿಯಾಗುವಂಥ ಕಾಲ ಅದು. ನಾವು ಯಾವ ಫಾಂಟು, ಯಾವ ಕೀಲಿಮಣೆ ಅಂತ ಜಗಳವಾಡುತ್ತಿದ್ದಾಗ ಅಲ್ಲಿಯ ಪೋಲಿ ಹುಡುಗರು ಯೂನಿಕೋಡ್ ಪಟ್ಟಿಯನ್ನು ಸಂತೆಯಲ್ಲಿ ತಡಕಿದಂತೆ ತಡಕಿ, ಅದರಲ್ಲಿ ಕಣ್ಣಿಗೆ ಹೊಂದುವ ಅಕ್ಷರ ಹುಡುಕಿ ಎತ್ತಿಕೊಂಡರು. ಠ ಸಿಟ್ಟಿಗೆ ಹೋಯಿತು. ಕಣ್ಣೀರು ಸುರಿಸುವ ಮುಖ ಬೇಕಾದಾಗ ಪಕ್ಕದ ಬೀದಿಯ ‘ಥ’ ಸಿಕ್ಕಿತು: ಥ_ಥ. ಬರೀ ಕಣ್ಣಿದ್ದರೆ ಸಾಕೇ? ಕೂಗಾಡಲು ಬಾಯಿ ಬೇಕು. ಅದಕ್ಕೊಂದು ಚೀನೀ ಅಕ್ಷರ ತಂದರು. ಬೆರಳು ಬಿಡಿಸಿ ‘ಯಾಕಪ್ಪಾ!’ ಅನ್ನಲು ಕೈ ಬೇಕು. ಅದಕ್ಕೆ ಜಾರ್ಜಿಯಾ ದೇಶದ ಲಿಪಿಯಿಂದ ಒಂದು ಅಕ್ಷರ ಕಡ ತಂದರು. ಕಣ್ಣು ಕನ್ನಡದ್ದು, ಬಾಯಿ ಚೀನಾದ್ದು, ಕೈ ಜಾರ್ಜಿಯಾದ್ದು. ಕುವೆಂಪು ಹೇಳಿದ ವಿಶ್ವಮಾನವ ಇಷ್ಟು ಮುಂಗೋಪಿಯಾಗಿ ಹುಟ್ಟುತ್ತಾನೆ ಅಂತ ಯಾರೂ ಎಣಿಸಿರಲಿಲ್ಲ.

ಜಾರ್ಜಿಯಾದ ಕೈ ಅಂದೆನಲ್ಲ, ಇಂಟರ್ನೆಟ್ಟಿನ ಚರಿತ್ರೆಯಲ್ಲಿ ಆ ದೇಶದ ಇನ್ನೊಂದು ಜೊತೆ ಕೈಗಳಿಗೂ ಜಾಗ ಇದೆ. 2011ರ ಮಾರ್ಚ್ 28ರಂದು 75 ವರ್ಷದ ಅಜ್ಜಿಯೊಬ್ಬರು ಅಲ್ಲಿಯ ಹಳ್ಳಿಯೊಂದರ ಹತ್ತಿರ ನೆಲ ಅಗೆದರು. ಗುಜರಿಗೆ ಹಾಕಲು ತಾಮ್ರದ ತಂತಿ ಸಿಕ್ಕೀತು ಅನ್ನುವುದು ಲೆಕ್ಕ ಅಂತ ಸುದ್ದಿಯಾಯಿತು. ಸಲಿಕೆಗೆ ಏನೋ ತಗುಲಿತು. ತಗುಲಿದ್ದು ತಾಮ್ರವಲ್ಲ, ಗಾಜಿನೆಳೆಯ ಕೇಬಲ್ಲು. ಪಕ್ಕದ ಅರ್ಮೇನಿಯಾ ದೇಶಕ್ಕೆ ಇಂಟರ್ನೆಟ್ ಬಹುಪಾಲು ಆ ದಾರಿಯಲ್ಲೇ ಹೋಗುತ್ತಿತ್ತು. ಅಜ್ಜಿಯ ಒಂದೇಟಿಗೆ ಹೆಚ್ಚೂಕಡಿಮೆ ಇಡೀ ಅರ್ಮೇನಿಯಾ ಗಂಟೆಗಟ್ಟಲೆ ಕತ್ತಲಲ್ಲಿ ಕುಳಿತಿತು. ಸೈನ್ಯ ಬೇಡ, ಹ್ಯಾಕರ್ ಬೇಡ, ಪಾಸ್‌ವರ್ಡ್ ಬೇಡ. ಪತ್ರಕರ್ತರು ಹುಡುಕಿಕೊಂಡು ಹೋದಾಗ ಅಜ್ಜಿ ಅಳುತ್ತಾ, ತಾನು ಸೌದೆ ಆರಿಸಲು ಹೋಗಿದ್ದು, ಇಂಟರ್ನೆಟ್ ಅಂದರೇನೆಂದೇ ತನಗೆ ತಿಳಿಯದು ಅಂದರು. ಒಂದು ದೇಶದ ಇಂಟರ್ನೆಟ್ಟನ್ನೇ ನಿಲ್ಲಿಸಿದವರಿಗೆ ಇಂಟರ್ನೆಟ್ ಅಂದರೇನು ಅಂತ ಗೊತ್ತಿರಲಿಲ್ಲ. ನಮ್ಮ ಬೆಂಗಳೂರಿನಲ್ಲಾದರೆ ಇಂಥ ಕೆಲಸಕ್ಕೆ ಅಜ್ಜಿಯನ್ನು ಕಾಯಬೇಕಿಲ್ಲ. ಒಬ್ಬರು ಡಾಂಬರು ಹಾಕಿ ಹೋದ ಮಾರನೇ ದಿನ ಇನ್ನೊಬ್ಬರು ಜೆಸಿಬಿ ತಂದು ನಿಲ್ಲಿಸುತ್ತಾರೆ. ಅಳುವುದು ಮಾತ್ರ ನಾವು.

ಈ ಕಥೆಯನ್ನು ನಮ್ಮ ಮನೆತನದ ವಾಟ್ಸಪ್ ಗುಂಪಿಗೆ ಹಾಕಿದೆ. ದೊಡ್ಡಪ್ಪ ತಕ್ಷಣ ‘ಇವೆಲ್ಲ ಸುಳ್ಳು, ಫಾರ್ವರ್ಡ್ ಮಾಡಬೇಡ’ ಅಂದರು. ಯಾರು ಅಂದದ್ದು ಅಂತ ಸ್ವಲ್ಪ ಗಮನಿಸಿ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೋ ಜಗತ್ತಿನಲ್ಲೇ ಶ್ರೇಷ್ಠ ಅಂತ ಘೋಷಿಸಿದೆ ಎಂದು ವರ್ಷಕ್ಕೆರಡು ಸಲ ನಮ್ಮನ್ನು ಅಭಿನಂದಿಸುವವರು ಇವರೇ. ಯುನೆಸ್ಕೋ ಅಂಥ ಸ್ಪರ್ಧೆ ಇಡುವುದೂ ಇಲ್ಲ, ಬಹುಮಾನ ಕೊಡುವುದೂ ಇಲ್ಲ. 2016ರಲ್ಲಿ 2000 ರೂಪಾಯಿಯ ನೋಟು ಬಂದಾಗ ಅದರೊಳಗೆ ಉಪಗ್ರಹಕ್ಕೆ ಸುಳಿವು ಕೊಡುವ ಚಿಪ್ಪಿದೆ, ನೆಲದೊಳಗೆ ಹೂತಿಟ್ಟರೂ ಗೊತ್ತಾಗುತ್ತದೆ ಅಂತ ನಂಬಿ, ದೊಡ್ಡಮ್ಮನ ಸಾಸಿವೆ ಡಬ್ಬಿಯ ಉಳಿತಾಯ ಆಕಾಶದಿಂದ ಕಾಣುತ್ತಿದೆ ಎಂದು ಹೆದರಿಸಿದವರೂ ಇವರೇ. ಇನ್ನು ದೀಪಾವಳಿ ಬಂತೆಂದರೆ ಭಾರತದ ಭೂಪಟ ಬಣ್ಣಬಣ್ಣವಾಗಿ ಹೊಳೆಯುವ ‘ನಾಸಾ ತೆಗೆದ’ ಫೋಟೋ ಹಾಜರ್. ಅದು ಒಂದು ರಾತ್ರಿಯ ಫೋಟೋವೇ ಅಲ್ಲ; 1992ರಿಂದ 2003ರವರೆಗೆ ಊರುಗಳ ದೀಪ ಎಲ್ಲೆಲ್ಲಿ ಹೆಚ್ಚಾಯಿತು ಅಂತ ತೋರಿಸಲು ವಿಜ್ಞಾನಿಗಳು ಬೇರೆ ಬೇರೆ ವರ್ಷಕ್ಕೆ ಬೇರೆ ಬೇರೆ ಬಣ್ಣ ಬಳಿದು ಮಾಡಿದ ನಕ್ಷೆ. 2012ರ ದೀಪಾವಳಿಯಲ್ಲಿ ನಾಸಾ ನಿಜವಾದ ಚಿತ್ರವನ್ನೇ ಹಾಕಿ, ಹಬ್ಬದ ಹೆಚ್ಚುವರಿ ಬೆಳಕು ಅಷ್ಟು ಮೇಲಿಂದ ಕಾಣುವಷ್ಟೇನೂ ಇರುವುದಿಲ್ಲ ಅಂತ ತಿಳಿಸಿತು. ದೊಡ್ಡಪ್ಪನ ಪ್ರಕಾರ ಅದು ನಾಸಾದ ಹೊಟ್ಟೆಕಿಚ್ಚು.

ಇದನ್ನೆಲ್ಲ ನೋಡಿ ನಾನೊಂದು ಸೂತ್ರ ಕಟ್ಟಿಕೊಂಡಿದ್ದೇನೆ. ಸುಳ್ಳು ಕಟ್ಟುವವರಿಗೆ ಕಲ್ಪನೆ ಕಡಿಮೆ. ಅವರ ಕಥೆಯಲ್ಲಿ ಯಾವಾಗಲೂ ನಾಸಾ, ಯುನೆಸ್ಕೋ, ಉಪಗ್ರಹ, ಜಪಾನಿನ ವಿಜ್ಞಾನಿ ಇಂಥ ದೊಡ್ಡ ಮನುಷ್ಯರೇ ಇರುತ್ತಾರೆ. ನಿಜವಾದ ವಿಚಿತ್ರಗಳಿಗೆ ಆ ಡೌಲು ಇರುವುದಿಲ್ಲ. ಅವುಗಳ ತಳ ಕೆದಕಿದರೆ ಒಂದು ಸಲಿಕೆಯೋ, ಹಳೇ ಟಿವಿಯೋ, ಕಾಫಿ ಪಾತ್ರೆಯೋ ಸಿಗುತ್ತದೆ. ಹಾಗಾಗಿ ಯಾವುದಾದರೂ ಸುದ್ದಿ ಬಂದರೆ ಮೊದಲು ನೋಡಿ: ನಾಸಾ ಇದೆಯೇ? ಅನುಮಾನಿಸಿ. ಅಡುಗೆಮನೆ ಸಾಮಾನು ಇದೆಯೇ? ಮುಂದೆ ಓದಿ.

ಟಿವಿಯ ವಿಷಯಕ್ಕೇ ಬನ್ನಿ. ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಅಬರ್‌ಹೋಸನ್ ಅಂತ ಒಂದು ಹಳ್ಳಿ. ಅಲ್ಲಿ ದಿನಾ ಬೆಳಿಗ್ಗೆ ಏಳು ಗಂಟೆಗೆ ಸರಿಯಾಗಿ ಊರಿನ ಬ್ರಾಡ್‌ಬ್ಯಾಂಡ್ ಮಲಗಿಬಿಡುತ್ತಿತ್ತು. ಒಂದು ದಿನವಲ್ಲ, ಒಂದು ವಾರವಲ್ಲ, 18 ತಿಂಗಳು. ಎಂಜಿನಿಯರುಗಳು ಬಂದರು, ಪರೀಕ್ಷೆ ಮಾಡಿದರು, ಕೇಬಲ್ಲನ್ನೇ ಬದಲಾಯಿಸಿದರು. ಊಹೂಂ. ಕೊನೆಗೆ ಅಲೆಗಳ ಜಾಡು ಹಿಡಿಯುವ ಯಂತ್ರ ಹೊತ್ತುಕೊಂಡು ನಸುಕಿನಲ್ಲೇ ಮಳೆಯಲ್ಲಿ ನೆನೆಯುತ್ತಾ ಊರೆಲ್ಲ ಸುತ್ತಿದರು. ಏಳು ಹೊಡೆಯಿತು, ಯಂತ್ರ ಚೀರಿತು. ಜಾಡು ಹಿಡಿದು ಹೋದರೆ ಒಂದು ಮನೆ. ಮನೆಯವರು ಏಳಕ್ಕೆ ಎದ್ದು, ತಮ್ಮ ಹಳೇ ಸೆಕೆಂಡ್‌ಹ್ಯಾಂಡ್ ಟಿವಿ ಹಾಕುತ್ತಿದ್ದರು. ಅದು ಹೊರಡಿಸುತ್ತಿದ್ದ ವಿದ್ಯುತ್ ಗದ್ದಲಕ್ಕೆ ಊರಿನ ಇಂಟರ್ನೆಟ್ಟೇ ಉಸಿರುಗಟ್ಟುತ್ತಿತ್ತು. ಮನೆಯವರು ನಾಚಿಕೆಯಿಂದ ಕುಗ್ಗಿ, ಇನ್ನು ಅದನ್ನು ಮುಟ್ಟುವುದಿಲ್ಲ ಅಂತ ಮಾತು ಕೊಟ್ಟರು. 2020ರ ಸೆಪ್ಟೆಂಬರಿನಲ್ಲಿ ಸುದ್ದಿ ಲೋಕಕ್ಕೆಲ್ಲ ಗೊತ್ತಾಯಿತು. ನಮ್ಮ ಕಡೆಯಾಗಿದ್ದರೆ ಟಿವಿಯನ್ನು ಬಿಡುತ್ತಿರಲಿಲ್ಲ. ಏಳು ಗಂಟೆಗೆ ರಾಹುಕಾಲ ಅಂತ ಇಂಟರ್ನೆಟ್ಟಿನವರೇ ಹೊಂದಿಕೊಳ್ಳಬೇಕಾಗುತ್ತಿತ್ತು.

ಟಿವಿಗಿಂತ ಸೂಕ್ಷ್ಮದ್ದೊಂದಿದೆ. ಅಮೆರಿಕದ ನಾರ್ತ್ ಕೆರೊಲಿನಾದ ವಿಶ್ವವಿದ್ಯಾಲಯವೊಂದರಲ್ಲಿ ಟ್ರೇ ಹ್ಯಾರಿಸ್ ಅನ್ನುವವರು ಇಮೇಲ್ ವ್ಯವಸ್ಥೆ ನೋಡಿಕೊಳ್ಳುತ್ತಿದ್ದರು. ಒಂದು ದಿನ ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರ ಫೋನು: ನಮ್ಮ ವಿಭಾಗದಿಂದ 500 ಮೈಲಿಗಿಂತ ದೂರಕ್ಕೆ ಇಮೇಲ್ ಹೋಗುತ್ತಿಲ್ಲ. ಇಮೇಲ್‌ಗೆ ಮೈಲಿಗಲ್ಲು ಎಲ್ಲಿಂದ ಬಂತು ಸ್ವಾಮೀ ಅಂದರೆ, ಸಂಖ್ಯಾಶಾಸ್ತ್ರದವರು ಸುಮ್ಮನೆ ದೂರುತ್ತಾರೆಯೇ? ಲೆಕ್ಕ ಹಾಕಿ, ನಕ್ಷೆ ಮಾಡಿಯೇ ಫೋನು ಮಾಡಿದ್ದರು. ಹ್ಯಾರಿಸ್ ತಾವೇ ಪರೀಕ್ಷಿಸಿದರು. ನಿಜ! ಹತ್ತಿರದ ಊರಿಗೆ ಹೋಗುತ್ತದೆ, ದೂರದ ಊರಿಗೆ ಇಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಗೂ ಹೈದರಾಬಾದಿಗೂ ಹೋದ ಕಾಗದ ದಿಲ್ಲಿಗೆ ಮಾತ್ರ ಹೋಗಲಾರೆ ಅಂದ ಹಾಗೆ. ಆಗಿದ್ದಿಷ್ಟೆ: ಯಾರೋ ಯಂತ್ರವನ್ನು ನವೀಕರಿಸುವಾಗ ಇಮೇಲ್ ತಂತ್ರಾಂಶದ ಹಳೇ ಆವೃತ್ತಿ ಬಂದು ಕುಳಿತಿತ್ತು. ಆ ಕಡೆಯಿಂದ ಉತ್ತರ ಬರುವವರೆಗೆ ಎಷ್ಟು ಹೊತ್ತು ಕಾಯಬೇಕು ಅನ್ನುವ ಸೂಚನೆ ಅದಕ್ಕೆ ಅರ್ಥವಾಗದೆ, ಸೊನ್ನೆ ಅಂತ ತಿಳಿದುಕೊಂಡಿತ್ತು. ಸೊನ್ನೆ ಅಂದರೂ ಆ ಯಂತ್ರಕ್ಕೆ ಕೈಬಿಡಲು 3 ಮಿಲಿಸೆಕೆಂಡು ಬೇಕಾಗುತ್ತಿತ್ತು. ಅಷ್ಟರಲ್ಲಿ ಬೆಳಕು ಹೋಗುವ ದೂರ 900 ಕಿಲೋಮೀಟರಿನ ಆಸುಪಾಸು, ಅಂದರೆ 500 ಮೈಲಿಗೆ ಸ್ವಲ್ಪ ಜಾಸ್ತಿ. ದೂರು ಕೊಟ್ಟವರ ಲೆಕ್ಕ ಸರಿಯಾಗಿಯೇ ಇತ್ತು! ‘ನಮ್ಮ ಫೋನು ಮಂಗಳವಾರ ಮಾತ್ರ ಕೆಲಸ ಮಾಡಲ್ಲ’ ಅಂತ ಮನೆಯ ಹಿರಿಯರು ಹೇಳಿದರೆ ಇನ್ನು ಮೇಲೆ ನಗಬೇಡಿ. ಒಂದು ಮಂಗಳವಾರ ಹೋಗಿ ನೋಡಿ ಬನ್ನಿ.

ಈಗ ಕಾಫಿ. ಇಷ್ಟು ಹೊತ್ತು ತಡೆದುಕೊಂಡಿದ್ದೇ ದೊಡ್ಡದು.

ಇವತ್ತು ಮನೆ ಬಾಗಿಲಲ್ಲೊಂದು ಕ್ಯಾಮೆರಾ, ದನದ ಕೊಟ್ಟಿಗೆಯಲ್ಲೊಂದು ಕ್ಯಾಮೆರಾ, ಸೊಸೆ ಮೇಲೊಂದು ಕಣ್ಣು ಅಂತ ಎಲ್ಲೆಲ್ಲೂ ವೆಬ್‌ಕ್ಯಾಮ್. ಇದರ ಮೂಲಪುರುಷ ಏನನ್ನು ಕಾಯುತ್ತಿದ್ದ ಗೊತ್ತೇ? ಬ್ಯಾಂಕನ್ನಲ್ಲ, ಗಡಿಯನ್ನಲ್ಲ. ಕಾಫಿಯನ್ನು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಟ್ರೋಜನ್ ರೂಮ್ ಅಂತ ಒಂದು ಕೋಣೆ. ಅದರ ಹೊರಗೊಂದು ಕಾಫಿ ಯಂತ್ರ. ಕುಡಿಯುವವರು ಬಹಳ, ಯಂತ್ರ ಒಂದೇ. ಬೇರೆ ಮಹಡಿಯವರು ಮೆಟ್ಟಿಲು ಇಳಿದು, ಹತ್ತಿ ಬಂದು ನೋಡಿದರೆ ಪಾತ್ರೆ ಖಾಲಿ. ಮೇಧಾವಿಗಳಿಗೆ ಈ ಅನ್ಯಾಯ ತಡೆಯಲಾಗಲಿಲ್ಲ. ಒಂದು ಫ್ಲಾಸ್ಕ್ ಕೊಂಡರೆ ಸಾಲದೇ ಅಂತ ನೀವು ಕೇಳಬಹುದು. ಅದಕ್ಕೇ ನಿಮಗೆ ಕೇಂಬ್ರಿಜ್ಜಿನಲ್ಲಿ ಸೀಟು ಸಿಗಲಿಲ್ಲ. ಅವರು 1991ರಲ್ಲಿ ಪಾತ್ರೆಯ ಎದುರು ಒಂದು ಕ್ಯಾಮೆರಾ ನಿಲ್ಲಿಸಿದರು. ಕ್ವೆಂಟಿನ್ ಸ್ಟಾಫರ್ಡ್-ಫ್ರೇಜರ್ ಮತ್ತು ಪಾಲ್ ಜಾರ್ಡೆಟ್ಸ್‌ಕಿ ಅನ್ನುವ ಇಬ್ಬರು ಅದಕ್ಕೆ ತಂತ್ರಾಂಶ ಬರೆದರು. ಪ್ರತಿಯೊಬ್ಬರ ಕಂಪ್ಯೂಟರಿನ ಮೂಲೆಯಲ್ಲಿ ಪಾತ್ರೆಯ ಪುಟ್ಟ ಕಪ್ಪು-ಬಿಳುಪು ಚಿತ್ರ, ನಿಮಿಷಕ್ಕೆ ಮೂರು ಸಲ ಬದಲಾಗುತ್ತಾ ಕುಳಿತಿತು. ಕಾಫಿ ತುಂಬುವುದೂ ನಿಧಾನ, ಚಿತ್ರ ಬದಲಾಗುವುದೂ ನಿಧಾನ, ಈಡುಜೋಡು ಸರಿಹೋಯಿತು.

1993ರಲ್ಲಿ ಇದೇ ಚಿತ್ರವನ್ನು ವರ್ಲ್ಡ್ ವೈಡ್ ವೆಬ್ಬಿಗೆ ಬಿಟ್ಟರು ನೋಡಿ, ಲೋಕವೇ ಮುಗಿಬಿತ್ತು. ಲಕ್ಷಾಂತರ ಜನ, ತಾವು ಎಂದೂ ಕುಡಿಯದ ಕಾಫಿ ಇದೆಯೋ ಖಾಲಿಯಾಯಿತೋ ಅಂತ ಕುಳಿತು ನೋಡಿದರು. ದೂರದ ದೇಶದವರಿಗೆ ಹಗಲಾದಾಗ ಕೇಂಬ್ರಿಜ್ಜಿನಲ್ಲಿ ರಾತ್ರಿ, ಪಾತ್ರೆ ಕತ್ತಲಲ್ಲಿ. ದಯವಿಟ್ಟು ರಾತ್ರಿ ಒಂದು ದೀಪ ಹಚ್ಚಿಡಿ, ನಮಗೆ ಕಾಣುತ್ತಿಲ್ಲ ಅಂತ ಜಪಾನಿನಿಂದ ಇಮೇಲ್ ಬಂತು. ನಂದಾದೀಪ ಬೆಳಗಿಸಿಟ್ಟ ಮೇಲೆ ಉಳಿದದ್ದು ಮಂಗಳಾರತಿಯೊಂದೇ. ನಮ್ಮಲ್ಲಿ ಇದಕ್ಕೆ ಆಶ್ಚರ್ಯ ಪಡುವವರಿಲ್ಲ. ಚಿಕ್ಕಮಗಳೂರಿನ ಕಾಫಿ ಕುಡಿದು ಬೆಳೆದವರು ನಾವು, ‘ಡಿಕಾಕ್ಷನ್ ಇದೆಯಾ?’ ಅನ್ನುವ ಪ್ರಶ್ನೆಗಾಗಿ ವಿಜ್ಞಾನ ಹುಟ್ಟಿತು ಅಂದರೆ ತಕ್ಷಣ ಒಪ್ಪುತ್ತೇವೆ.

2001ರ ಆಗಸ್ಟ್ 22ರಂದು ಪ್ರಯೋಗಾಲಯ ಬೇರೆ ಕಟ್ಟಡಕ್ಕೆ ಹೊರಟಾಗ ಕ್ಯಾಮೆರಾ ಆರಿಸಿದರು. ಆ ಹೊತ್ತಿಗೆ ಕೆಟ್ಟು ಮೂಲೆ ಸೇರಿದ್ದ ಕ್ರುಪ್ಸ್ ಯಂತ್ರವನ್ನು ಹರಾಜಿಗಿಟ್ಟರೆ ಜರ್ಮನಿಯ ಸ್ಪೀಗೆಲ್ ಪತ್ರಿಕೆಯ ಆನ್‌ಲೈನ್ ವಿಭಾಗದವರು 3,350 ಪೌಂಡ್ ಕೊಟ್ಟು ಕೊಂಡು, ರಿಪೇರಿ ಮಾಡಿಸಿ ಮತ್ತೆ ಕಾಫಿ ಕುದಿಸಿದರು. ನಮ್ಮ ಮನೆಯ ಹಿತ್ತಾಳೆ ಫಿಲ್ಟರನ್ನು ಗುಜರಿಯವನು ತೂಕಕ್ಕೆ ಕೇಳಿದ ನೆನಪು ಬಂದು ಹೊಟ್ಟೆ ಉರಿಯಿತು.

ಕುಳಿತಲ್ಲಿಂದ ಏಳದ ಈ ಕುಲ ಇನ್ನೂ ಹಳೆಯದು. 1980ರ ದಶಕದ ಆರಂಭದಲ್ಲೇ ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ಹುಡುಗರು ಕೋಕ್ ಮಾರುವ ಯಂತ್ರಕ್ಕೆ ತಂತಿ ಕಟ್ಟಿ, ಬಾಟಲಿ ಇದೆಯೋ ಇಲ್ಲವೋ, ಇದ್ದರೆ ತಣ್ಣಗಾಗಿದೆಯೋ ಅಂತ ಕುಳಿತಲ್ಲೇ ತಿಳಿಯುವ ವ್ಯವಸ್ಥೆ ಮಾಡಿಕೊಂಡಿದ್ದರು. ಬಾಟಲಿ ಒಳಗೆ ಹೋಗಿ ಮೂರು ಗಂಟೆಯಾದರೆ ‘ಕೋಲ್ಡ್’ ಅನ್ನುತ್ತಿತ್ತು. ಇನ್ನು 1998ರ ಏಪ್ರಿಲ್ 1ರಂದು, ತಾರೀಖು ಗಮನಿಸಿ, ಲ್ಯಾರಿ ಮಸಿಂಟರ್ ಅನ್ನುವವರು ಇಂಟರ್ನೆಟ್ಟಿನ ಮೂಲಕ ಕಾಫಿ ಪಾತ್ರೆಗಳನ್ನು ನಿಯಂತ್ರಿಸುವ ನಿಯಮಾವಳಿಯನ್ನೇ ಬರೆದರು. ಅದರಲ್ಲೊಂದು ಕಲಮು: ಟೀ ಪಾತ್ರೆಗೆ ಯಾರಾದರೂ ಕಾಫಿ ಮಾಡು ಅಂದರೆ ಅದು 418 ಅನ್ನುವ ನಂಬರಿನೊಂದಿಗೆ ‘ನಾನು ಟೀ ಪಾತ್ರೆ’ ಅಂತ ಉತ್ತರಿಸಬೇಕು. ಪುಟ ಸಿಗದಿದ್ದರೆ 404 ಅಂತ ಬರುತ್ತದಲ್ಲ, ಅದರ ದಾಯಾದಿ. ತಮಾಷೆಗೆ ಬರೆದದ್ದನ್ನು ಪ್ರೋಗ್ರಾಮರುಗಳು ನಿಜವಾದ ತಂತ್ರಾಂಶಗಳೊಳಗೇ ಸೇರಿಸಿಬಿಟ್ಟರು. 2017ರಲ್ಲಿ ಒಬ್ಬರು ಇದು ಸಾಕು, ತೆಗೆಯೋಣ ಅಂದಾಗ ‘418 ಉಳಿಸಿ’ ಅಂತ ಚಳವಳಿಯೇ ಆಯಿತು. ಟೀ ಪಾತ್ರೆ ಗೆದ್ದಿತು. ಚಳವಳಿ ಅಂದರೆ ಹಾಗಿರಬೇಕು. ನಮ್ಮ ಎಷ್ಟು ಕೆರೆಗಳಿಗೆ ಈ ಯೋಗ ಇದೆ?

ಪಾರಿವಾಳದ ಕಥೆ ಹೇಳದೆ ಬಿಟ್ಟರೆ ಅಕ್ಕನ ಮಗಳು ನನ್ನನ್ನು ಠ_ಠ ಮಾಡುತ್ತಾಳೆ, ಅದಕ್ಕೇ ಚುಟುಕಾಗಿ. 1990ರ ಏಪ್ರಿಲ್ 1ರಂದೇ ಇನ್ನೊಬ್ಬ ಮಹಾಶಯರು ಪಾರಿವಾಳದ ಕಾಲಿಗೆ ಮಾಹಿತಿ ಕಟ್ಟಿ ಇಂಟರ್ನೆಟ್ ನಡೆಸುವ ವಿಧಾನ ಬರೆದಿದ್ದರು. 2001ರಲ್ಲಿ ನಾರ್ವೆಯ ಬರ್ಗೆನ್ ಊರಿನ ಕಂಪ್ಯೂಟರ್ ಗೆಳೆಯರು ಅದನ್ನು ಮಾಡಿಯೇ ನೋಡಿದರು. ಒಂಬತ್ತು ಸಂದೇಶ ಕಳಿಸಿದರು, ನಾಲ್ಕಕ್ಕೆ ಉತ್ತರ ಬಂತು. ತೀರಾ ತಡವಾಗಿ ಬಂದದ್ದಕ್ಕೆ ಹಿಡಿದದ್ದು ಒಂದೂಮುಕ್ಕಾಲು ಗಂಟೆ. ನಗಬೇಡಿ, ಎಂಟು ವರ್ಷದ ಮೇಲೆ ಪಾರಿವಾಳ ಸೇಡು ತೀರಿಸಿಕೊಂಡಿತು. 2009ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಿನ್ಸ್‌ಟನ್ ಹೆಸರಿನ ಪಾರಿವಾಳ 4 ಜಿಬಿ ಕಾರ್ಡು ಕಟ್ಟಿಕೊಂಡು ಹಾರಿತು. ಹಾರಾಟ ಒಂದು ಗಂಟೆ ಎಂಟು ನಿಮಿಷ. ಕಾರ್ಡಿನಿಂದ ಮಾಹಿತಿ ಇಳಿಸಿಕೊಳ್ಳುವುದೂ ಸೇರಿ ಒಟ್ಟು ಎರಡು ಗಂಟೆ ಚಿಲ್ಲರೆ. ಅಷ್ಟರಲ್ಲಿ ತಂತಿಯ ಮೇಲಿನ ಇಂಟರ್ನೆಟ್ ಸಾಗಿಸಿದ್ದು ಶೇಕಡ 4. ನಮ್ಮ ಒಡಿಶಾ ಪೊಲೀಸರಿಗೆ ಇದು ಮೊದಲೇ ಗೊತ್ತಿತ್ತು; 1946ರಿಂದಲೇ ಅವರು ಪಾರಿವಾಳದ ಟಪಾಲು ಸಾಕಿಕೊಂಡಿದ್ದರು.

ಇಲ್ಲಿಗೆ ನನ್ನ ಸೂತ್ರ ಭದ್ರವಾಗಿ ನಿಂತಿತು ಅನ್ನುವಷ್ಟರಲ್ಲಿ ದೊಡ್ಡಪ್ಪ ಒಂದು ಫಾರ್ವರ್ಡ್ ಕಳಿಸಿದರು: ‘ಕನ್ನಡಿಗರೇ ಹೆಮ್ಮೆಪಡಿ! ನಾಸಾದವರು ಕನ್ನಡವನ್ನು ಸೌರಮಂಡಲದಾಚೆಗೆ ಕಳಿಸಿದ್ದಾರೆ. ಪ್ರತಿಯೊಬ್ಬರಿಗೂ ಹಂಚಿ.’ ನಾಸಾ ಇದೆ, ಹೆಮ್ಮೆ ಇದೆ, ಹಂಚಿ ಅಂತಲೂ ಇದೆ. ಮೂರೂ ರೋಗಲಕ್ಷಣ. ಅಕ್ಕನ ಮಗಳು ‘ಮಾಮ, ಹೇಳಿ ಈಗ’ ಅಂತ ಕೆಣಕಿದಳು. ಹುಡುಕಿದರೆ, ನಿಜ! 1977ರಲ್ಲಿ ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ಒಂದೊಂದು ತಟ್ಟೆ ಇದೆ, ಗ್ರಾಮಫೋನಿನ ಪ್ಲೇಟು. ಅದರಲ್ಲಿ 55 ಭಾಷೆಗಳ ಶುಭಾಶಯ, ಅವುಗಳಲ್ಲಿ ಕನ್ನಡವೂ ಒಂದು. ಕನ್ನಡಿಗರ ಪರವಾಗಿ ಒಬ್ಬರು ನಮಸ್ತೆ ಹೇಳಿದ್ದಾರೆ. ಅದೇ ತಟ್ಟೆಯಲ್ಲಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ವಾಯೇಜರ್ 1 ಈಗ ಭೂಮಿಯಿಂದ 2,400 ಕೋಟಿ ಕಿಲೋಮೀಟರಿಗೂ ಆಚೆ ಇದೆ. ಎಂ.ಜಿ. ರಸ್ತೆಯ ಅಂಗಡಿಯಲ್ಲಿ ಕನ್ನಡ ಕೇಳಿಸದೆ ಬೇಜಾರಾದವರು ಅಷ್ಟು ದೂರ ಹೋದರೆ ಖಂಡಿತ ಕೇಳಿಸುತ್ತದೆ. ದೊಡ್ಡಪ್ಪ ಆ ದಿನ ಗುಂಪಿಗೆ ಹಾಕಿದ ಹೆಬ್ಬೆರಳಿನ ಚಿತ್ರಗಳನ್ನು ಇನ್ನೂ ಯಾರೂ ಎಣಿಸಿ ಮುಗಿಸಿಲ್ಲ.

ಆದರೆ ಸೂತ್ರವನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವವನಲ್ಲ ನಾನು. ಆಕಾಶದ ಕಡೆಯಿಂದಲೇ ಒಂದು ಸಾಕ್ಷಿ ತಂದಿದ್ದೇನೆ.

ಆಸ್ಟ್ರೇಲಿಯಾದ ಪಾರ್ಕ್ಸ್ ಎಂಬಲ್ಲಿ 64 ಮೀಟರ್ ಅಗಲದ ರೇಡಿಯೋ ದೂರದರ್ಶಕ ಇದೆ. ಸಾಮಾನ್ಯದ್ದಲ್ಲ, 1969ರಲ್ಲಿ ಮನುಷ್ಯ ಚಂದ್ರನ ಮೇಲೆ ನಡೆದಾಗ ಆ ಚಿತ್ರಗಳನ್ನು ಹಿಡಿದು ಲೋಕಕ್ಕೆ ತಲುಪಿಸಿದ ಕಿವಿಗಳಲ್ಲಿ ಇದೂ ಒಂದು. 1998ರಿಂದ ಇದಕ್ಕೆ ಆಗಾಗ ಒಂದು ನಿಗೂಢ ಸಂಕೇತ ಕೇಳಿಸತೊಡಗಿತು. ಕ್ಷಣಮಾತ್ರದ ಮಿಡಿತ, ಬಂತು ಅನ್ನುವಷ್ಟರಲ್ಲಿ ಇಲ್ಲ. ಅದಕ್ಕೆ ‘ಪೆರಿಟಾನ್’ ಅಂತ ಹೆಸರಿಟ್ಟರು. ಅದು ಲೇಖಕ ಬೋರ್ಹೆಸ್ ತಮ್ಮ ಪುಸ್ತಕದಲ್ಲಿ ವರ್ಣಿಸಿದ ಒಂದು ಕಾಲ್ಪನಿಕ ಪ್ರಾಣಿ: ಜಿಂಕೆಯ ತಲೆ, ಹಕ್ಕಿಯ ರೆಕ್ಕೆ, ನೆರಳು ಮಾತ್ರ ಮನುಷ್ಯನದು. ಅದೇ ದೂರದರ್ಶಕದ ದಾಖಲೆಗಳಲ್ಲಿ 2007ರಲ್ಲಿ ಇನ್ನೊಂದು ಬಗೆಯ ಮಿಡಿತ ಸಿಕ್ಕಿತ್ತು, ಬಹುದೂರದ ನಕ್ಷತ್ರಲೋಕದಿಂದ ಬಂದದ್ದು ಅಂತ ವಿಜ್ಞಾನಿಗಳು ರೋಮಾಂಚನಗೊಂಡಿದ್ದರು. ಅದನ್ನೇ ಹೋಲುವ ಪೆರಿಟಾನ್ ನೋಡಿ, ಅದೂ ಇದೂ ಒಂದೇ ಆಗಿಬಿಟ್ಟರೆ ಗತಿಯೇನು ಅಂತ ಚಿಂತೆ ಶುರುವಾಯಿತು.

ಅನುಮಾನ ಹುಟ್ಟಿಸಿದ್ದು ಒಂದು ಸಣ್ಣ ವಿಷಯ. ಈ ಪೆರಿಟಾನ್‌ಗೆ ಆಫೀಸು ವೇಳೆಯ ಶಿಸ್ತು ಇತ್ತು. ಹಗಲೇ ಬರುವುದು, ಅದರಲ್ಲೂ ಊಟದ ಹೊತ್ತಿಗೆ. ಬ್ರಹ್ಮಾಂಡದ ಯಾವ ಮೂಲೆಯ ಜೀವಿ ಆಸ್ಟ್ರೇಲಿಯಾದವರ ಊಟದ ಗಂಟೆ ನೋಡಿಕೊಂಡು ಕೂಗುತ್ತದೆ? 2015ರಲ್ಲಿ ಹೊಸ ಉಪಕರಣ ಅಳವಡಿಸಿ ನೋಡಿದರೆ, ಪೆರಿಟಾನ್ ಬಂದಾಗಲೆಲ್ಲ ಜೊತೆಯಲ್ಲೇ 2.4 ಗಿಗಾಹರ್ಟ್ಸ್ ಸುತ್ತಿನ ಅಲೆಯೂ ಬರುತ್ತಿತ್ತು. ಆ ಅಲೆ ಯಾರದು ಅಂತ ಎಲ್ಲರಿಗೂ ಗೊತ್ತು. ಸಂಶೋಧಕಿ ಎಮಿಲಿ ಪೆಟ್ರೋಫ್ ಮತ್ತು ಸಂಗಡಿಗರು ನೇರ ಅಡುಗೆಮನೆಗೆ ನಡೆದರು. ಮೈಕ್ರೋವೇವ್ ಒಲೆಯೊಳಗೆ ನೀರಿಟ್ಟು ಬಿಸಿ ಮಾಡಿದರು. ಏನೂ ಇಲ್ಲ. ಮತ್ತೆ ಮಾಡಿದರು, ಏನೂ ಇಲ್ಲ. ಆಮೇಲೆ ಯಾರಿಗೋ ಹೊಳೆಯಿತು: ಹಸಿದ ಮನುಷ್ಯ ಒಲೆ ‘ಟಿಂಗ್’ ಅನ್ನುವವರೆಗೆ ಕಾಯುತ್ತಾನೆಯೇ? ಮಧ್ಯದಲ್ಲೇ ಬಾಗಿಲು ಎಳೆದರು. ಬಂತು ಪೆರಿಟಾನ್! ಒಲೆಯ ಒಳಗೆ ಅಲೆ ಹೊರಡಿಸುವ ಮ್ಯಾಗ್ನೆಟ್ರಾನ್ ನಿಲ್ಲುವ ಆ ಕ್ಷಣದಲ್ಲಿ ಒಂದು ಮಿಡಿತ ಬಾಗಿಲ ಸಂದಿಯಿಂದ ತಪ್ಪಿಸಿಕೊಂಡು ದೂರದರ್ಶಕದ ಕಿವಿಗೆ ಬೀಳುತ್ತಿತ್ತು. 17 ವರ್ಷ ಖಗೋಳಶಾಸ್ತ್ರವನ್ನು ಕಾಡಿದ ಪ್ರಾಣಿ ಯಾರದೋ ಆರಿದ ಊಟ. ನೆರಳು ಮನುಷ್ಯನದು ಅಂತ ಹೆಸರಿಟ್ಟವರ ಬಾಯಲ್ಲಿ ಸರಸ್ವತಿ ಕುಳಿತಿರಬೇಕು. 2007ರ ಆ ಇನ್ನೊಂದು ಮಿಡಿತ ಮಾತ್ರ ನಿಜವಾಗಿಯೂ ಆಕಾಶದ್ದೇ ಅಂತ ಇದರಿಂದಲೇ ಗಟ್ಟಿಯಾಯಿತು, ಅದು ಬೇರೆ ಮಾತು.

ಆ ಒಲೆಯ ಜಾತಕವೂ ಇಂಥದ್ದೇ. 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯ ಎಂಜಿನಿಯರ್ ಪರ್ಸಿ ಸ್ಪೆನ್ಸರ್ ಅವರು ರಾಡಾರಿನ ಮ್ಯಾಗ್ನೆಟ್ರಾನ್ ಹತ್ತಿರ ನಿಂತಿದ್ದಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿತು. ಬೇರೆಯವರಾದರೆ ಪ್ಯಾಂಟು ಒಗೆಯಲು ಹಾಕುತ್ತಿದ್ದರು. ಅವರು ಜೋಳದ ಕಾಳು ತಂದು ಅರಳಿಸಿದರು, ಮೊಟ್ಟೆ ಇಟ್ಟು ಸಿಡಿಸಿದರು, ಪೇಟೆಂಟಿಗೆ ಅರ್ಜಿ ಹಾಕಿದರು. ಮೊದಮೊದಲ ಒಲೆ ಆಳೆತ್ತರ, ತೂಕ 340 ಕಿಲೋ. ಅಡುಗೆಮನೆಗೆ ಒಲೆ ತರುವುದಕ್ಕಿಂತ ಒಲೆಯೊಳಗೆ ಅಡುಗೆಮನೆ ಇಡುವುದು ಸುಲಭವಿತ್ತು.

ಈಗ ನಿಮ್ಮ ಮನೆಗೆ ಸಂಬಂಧಿಸಿದ ಒಂದು ಮಾತು. ಮೈಕ್ರೋವೇವ್ ಒಲೆ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್ ಸುತ್ತಮುತ್ತ, ನಿಮ್ಮ ವೈಫೈನ ಹಳೇ ತರಂಗಪಟ್ಟಿಯೂ ಅದರ ಪಕ್ಕದ ಮನೆಯೇ. ಒಲೆಯಿಂದ ಸೋರುವ ಅಲೆ ಮನುಷ್ಯನಿಗೆ ಏನೂ ಮಾಡದಷ್ಟು ಅಲ್ಪ, ವೈಫೈಗೆ ಮಾತ್ರ ತಲೆಕೆಡಿಸುವಷ್ಟು ಧಾರಾಳ. ಆದ್ದರಿಂದ ರಾತ್ರಿ ಕ್ರಿಕೆಟ್ಟಿನ ಕೊನೇ ಓವರಿನಲ್ಲಿ ಚಿತ್ರ ಗಿರಗಿರ ತಿರುಗತೊಡಗಿದರೆ ಕಸ್ಟಮರ್ ಕೇರಿನ ಹುಡುಗಿಯ ಮೇಲೆ ರೇಗಬೇಡಿ. ಮೊದಲು ಅಡುಗೆಮನೆಗೆ ಹೋಗಿ, ಯಾರು ಸಾರು ಬಿಸಿ ಮಾಡುತ್ತಿದ್ದಾರೆ ನೋಡಿ. ಅಮ್ಮನೋ ಹೆಂಡತಿಯೋ ಆಗಿದ್ದರೆ ಏನೂ ಅನ್ನದೆ ಹಿಂತಿರುಗಿ, ರೂಟರನ್ನು 5 ಗಿಗಾಹರ್ಟ್ಸಿಗೆ ಬದಲಾಯಿಸಿಕೊಳ್ಳಿ. ಅದು ಆಗದಿದ್ದರೆ ರೂಟರನ್ನು ಫ್ರಿಜ್ ಮೇಲಿಂದ ಇಳಿಸಿ ಹಜಾರಕ್ಕೆ ತನ್ನಿ.